ತಿರುವಿನಲ್ಲಿ ವಾಲದ ಕಾರು

ಅವರ ಬಲಗೈ ಸುಮ್ಮನಿರುತ್ತಿರಲಿಲ್ಲ. ಯಾವ ಗಾಡಿ ಕಂಡರೂ ಅದರ ಮಡ್‌ಗಾರ್ಡಿನ ಮೇಲೆ ಅಂಗೈ ಊರಿ, ಗಟ್ಟಿಯಾಗಿ ಒಮ್ಮೆ ಒತ್ತಿ ಬಿಟ್ಟು, ಅದು ಮೇಲೆದ್ದು ಕೆಳಗಿಳಿದು ಯಾವಾಗ ಸುಮ್ಮನಾಗುತ್ತದೆಂದು ತಲೆ ಓರೆ ಮಾಡಿ ನೋಡುತ್ತಿದ್ದರು. ಲಾರಿಯಾಗಲಿ, ಜೀಪಾಗಲಿ, ಸಂತೆಗೆ ಬಂದ ಎತ್ತಿನ ಗಾಡಿಯಾಗಲಿ, ಬಿಡುತ್ತಿರಲಿಲ್ಲ. ಖಾನಾವಳಿಯ ಬೆಂಚನ್ನೂ ಒತ್ತಿ ನೋಡಿಯೇ ಕೂರುತ್ತಿದ್ದರು. ನಾನು ಮಲೇರಿಯಾ ಬಂದು ದವಾಖಾನೆಯಲ್ಲಿ ಮಲಗಿದ್ದಾಗ ನೋಡಲು ಬಂದವರು ನನ್ನ ಹಣೆ ಮುಟ್ಟಲಿಲ್ಲ, ಮಂಚದ ಅಂಚನ್ನು ಒತ್ತಿದರು.

"ಇದು ಭಾಳ ಕುಣೀತೈತ್ರಿ ಕಾರಕೂನರ. ಇದರ ಮ್ಯಾಲೆ ನಿದ್ದಿ ಹೆಂಗ ಬರ್ತೈತಿ?"

ಜ್ವರ ಹೇಗಿದೆ ಎಂದು ಕೇಳಿದ್ದು ಹೋಗುವಾಗ, ಬಾಗಿಲಲ್ಲಿ ನಿಂತು. ಅದೂ ಬೇರೆ ಯಾರದೋ ಜ್ವರದ ಬಗ್ಗೆ ಕೇಳಿದ ಹಾಗಿತ್ತು.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆದರೆ ಬೆಚ್ಚಿ ಬೀಳುವ ಮನುಷ್ಯ. ಸತ್ತ ಮೇಲೆ ಅಚ್ಚಿನಲ್ಲಿ ಕರೆದು ಯಾಕೆ ಬೆಚ್ಚಿಸಬೇಕು? ದಾಂಡೇಲಿಯಲ್ಲಿ ಅವರನ್ನು ಎಲ್ಲರೂ ‘ಕಾರಿನವರು’ ಎನ್ನುತ್ತಿದ್ದರು. ನಾನು ‘ಅಣ್ಣಾರ’ ಎನ್ನುತ್ತಿದ್ದೆ. ಹಳಿಯಾಳದ ಹತ್ತಿರದ ಹಳ್ಳಿಯೊಂದರ ಒಕ್ಕಲು ಮನೆತನ. ಹೊಲ ಅಣ್ಣತಮ್ಮಂದಿರಿಗೆ ಬಿಟ್ಟು, ಲಾರಿ ಸ್ಟ್ಯಾಂಡಿನ ಹಿಂದೆ ತಗಡಿನ ಚಪ್ಪರ ಹಾಕಿಕೊಂಡು ಗಾಡಿ ರಿಪೇರಿ ಮಾಡುತ್ತಿದ್ದರು. ಸ್ವಂತಕ್ಕೆ ಒಂದು ಹಳೆಯ ವಿಲಾಯತಿ ಕಾರಿತ್ತು. ಜೋಯಿಡಾ ಕಡೆಯ ಗಣಿಯ ಸಾಹೇಬನೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿ ಹೋದದ್ದು. ಕರಿ ಬಣ್ಣ, ಉಬ್ಬಿದ ಮೂತಿ, ದೊಡ್ಡ ದೀಪಗಳು. ಅದನ್ನೇ ಬಾಡಿಗೆಗೂ ಓಡಿಸುತ್ತಿದ್ದರು.

ನಾನು ಆಗ ಕಾಗದದ ಗಿರಣಿಯಲ್ಲಿ ಕಾಟಾದ ಲೆಕ್ಕ ಬರೆಯುವ ಕಾರಕೂನ. ಕಾಟಾ ಎಂದರೆ ಲಾರಿಯನ್ನು ಇಡಿಯಾಗಿ ಮೇಲೆ ಹತ್ತಿಸಿ ತೂಗುವ ತಕ್ಕಡಿ. ಬಿದಿರು ಹೇರಿಕೊಂಡು ಕಾಡಿನಿಂದ ಬಂದ ಲಾರಿಗಳು ಬೆಳಗಿನಿಂದಲೇ ಸಾಲು ಹಚ್ಚುತ್ತಿದ್ದವು. ಧಾರವಾಡ ಬಿಟ್ಟು ಬಂದ ಹೊಸತು. ಮದುವೆಯಾಗಿರಲಿಲ್ಲ, ಗುರುತಿನವರಿರಲಿಲ್ಲ. ದಿನವಿಡೀ ಮಾತಾಡುತ್ತಿದ್ದುದು ಲಾರಿ ಡ್ರೈವರುಗಳ ಜೊತೆ, ಅದರಲ್ಲೂ ಮುಕ್ಕಾಲು ಪಾಲು ಜಗಳ. ಸಂಜೆ ಕೋಣೆಗೆ ಹೋದರೆ ಗಿರಣಿಯ ಗಂಧಕದ ವಾಸನೆಯೊಂದೇ ಜೊತೆ. ಊರು ಹೊಸದಾಗಿ ಕಟ್ಟಿಕೊಳ್ಳುತ್ತಿತ್ತು; ಎಲ್ಲರೂ ಎಲ್ಲಿಂದಲೋ ಬಂದವರು, ಎಲ್ಲರ ಮನಸ್ಸೂ ಇನ್ನೆಲ್ಲೋ ಇತ್ತು.

ಒಂದು ಮಧ್ಯಾಹ್ನ ಬಿದಿರಿನ ಲಾರಿಗಳ ಬಾಲಕ್ಕೆ ಆ ಕರಿ ಕಾರು ನಿಂತಿತ್ತು. ಸಾಲು ಸರಿದಂತೆ ಅದೂ ಸರಿಯುತ್ತ ಬಂದು ನನ್ನ ಕಿಟಕಿಯ ಮುಂದೆ ನಿಂತಿತು.

"ಏನು ಹೇರೀರಿ?" ಎಂದೆ ಸಿಡುಕಿ.

"ಏನಿಲ್ರಿ."

"ಏನಿಲ್ಲಂದ್ರ ಏನು ತೂಗೂದು?"

"ಗಾಡಿ ಯಾವ ಮಗ್ಗಲಕ್ಕ ಹೆಚ್ಚು ವಜ್ಜಿ ಐತಿ ನೋಡಬೇಕಾಗೇತ್ರಿ. ಮೊದಲ ಮುಂದಿನ ಗಾಲಿ ಅಷ್ಟ ಹತ್ತಸ್ತೇನಿ. ಆಮ್ಯಾಲೆ ಹಿಂದಿನವು. ಆಮ್ಯಾಲೆ ಎಡಮಗ್ಗಲದವು ಅಷ್ಟ. ನಿಮಗ ತ್ರಾಸ ಆಗೂದಿಲ್ಲಂದ್ರ."

ಗಿರಣಿಯ ಕಾಟಾ ಊರವರ ಕಾರು ತೂಗಲು ಇಟ್ಟದ್ದಲ್ಲ. ಆಗೂದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೆಳಗೆ ಕೂತು ನಮ್ಮ ಕಾಟಾದ ಹಲಗೆಯನ್ನೇ ಅಂಗೈಯಿಂದ ಒತ್ತಿ ನೋಡುತ್ತಿದ್ದರು. ನನಗೆ ನಗು ಬಂತು. ದಾಂಡೇಲಿಗೆ ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲಿರಬೇಕು. "ಲಾರಿ ಎಲ್ಲಾ ಹೋಗ್ಲಿ, ಆಮ್ಯಾಲೆ ಬರ್ರಿ" ಎಂದೆ.

ಸಂಜೆ ಬಂದರು. ಕಾರನ್ನು ಮುಂದೆ ಹಿಂದೆ, ಅಡ್ಡ ಉದ್ದ ಮಾಡಿ ತೂಗಿದ್ದಾಯಿತು. ಎಡಗಡೆ ಹಗುರ ಬಂತು. ಅವರಿಗೇನೂ ಆಶ್ಚರ್ಯವಾಗಲಿಲ್ಲ.

"ನಾ ಬಲಕ್ಕ ಕುಂತು ನಡಸ್ತೇನ್ರಿ. ಎಡಕ್ಕ ಈಗ ಯಾರೂ ಕುಂದ್ರೂದಿಲ್ಲಲ್ರಿ, ಅದಕ್ಕ ಆ ಮಗ್ಗಲದ ಕಮಾನು ಸೆಟದು ನಿಂತೈತಿ" ಎಂದರು. ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ನಿಮ್ಮ ವಜ್ಜಿ ಎಷ್ಟ್ರಿ?" ಎಂದು ಕೇಳಿದರು.

ಹೀಗೆ ನಾನು ಆ ಕಾರಿನ ಎಡಗಡೆಯ ಮೂಟೆಯಾದೆ. ರವಿವಾರ ಬಂತೆಂದರೆ ಬಾಗಿಲಿಗೆ ಬಂದು ಹಾರ್ನ್ ಹಾಕುವರು. ಹಳಿಯಾಳದ ರಸ್ತೆಯ ತಿರುವುಗಳಲ್ಲಿ ನನ್ನನ್ನು ಹಾಕಿಕೊಂಡು ಹೋಗುವುದು, ಬರುವುದು. ಅಲ್ಲಿ ವಾಲಿತೇ, ಇಲ್ಲಿ ಜಾರಿತೇ ಎಂದು ಕೇಳುವುದು. ಉಸುಕಿನ ಚೀಲ ಇಟ್ಟುಕೊಳ್ಳಬಾರದೇ ಎಂದು ಒಮ್ಮೆ ಕೇಳಿದೆ. "ಚೀಲಕ್ಕ ಹೆದರಿಕಿ ಇರೂದಿಲ್ರಿ" ಎಂದರು. ಜ್ವರ ಬಿಟ್ಟು ನಾನು ಸೊರಗಿ ಎದ್ದಾಗ ಅವರಿಗೆ ನಿಜವಾಗಿ ಚಿಂತೆ ಹತ್ತಿತು. ಎರಡೂ ಹೊತ್ತು ಹಾಲು ಕುಡಿಯಿರಿ, ನಿಮ್ಮ ತೂಕ ಇಳಿದು ನನ್ನ ಅಂದಾಜೆಲ್ಲ ಹಾಳಾಗಿದೆ ಎಂದು ಬೇಡಿಕೊಂಡರು. ನನ್ನ ಮೈಯ ಬಗ್ಗೆ ಆ ಊರಿನಲ್ಲಿ ಕಾಳಜಿ ಮಾಡಿದ್ದು ಅವರೊಬ್ಬರೇ. ಕಾರಣ ಏನಾದರೂ ಇರಲಿ.

ಬಾಡಿಗೆಯ ಮಂದಿಯನ್ನೂ ಅವರು ಬಿಡುತ್ತಿರಲಿಲ್ಲ. ಕಾರಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ತೂಕ ನೋಡಿ ತಾವೇ ಹೇಳುತ್ತಿದ್ದರು. ಬೀಗರನ್ನು ಕರೆತರಲು ಹೋದಾಗ ದಪ್ಪನೆಯ ಬೀಗತಿಯೊಬ್ಬರನ್ನು ನಡುವೆ ಕೂರಿಸಿ, ಅಳಿಯನನ್ನು ಕಿಟಕಿಗೆ ಒತ್ತಿ ಕೂರಿಸಿದರೆಂದು ದೊಡ್ಡ ರಂಪವಾಗಿತ್ತು. ಎತ್ತಿನ ಗಾಡಿ ಹೂಡಿ ಬೆಳೆದ ಮನುಷ್ಯ. ಗಾಡಿಯಲ್ಲಿ ಹೇರು ಹಿಂದಾದರೆ ನೊಗ ಎತ್ತಿನ ಕೊರಳನ್ನು ಮೇಲಕ್ಕೆಳೆಯುತ್ತದೆ, ಮುಂದಾದರೆ ಹೆಗಲು ಹುಣ್ಣಾಗುತ್ತದೆ. ಆ ಲೆಕ್ಕ ಅವರ ಕೈಯಲ್ಲೇ ಕೂತಿತ್ತು. ಬೀಗತಿಯ ಮಾನ ಮರ್ಯಾದೆ ಆ ಲೆಕ್ಕದಲ್ಲಿ ಬರುತ್ತಿರಲಿಲ್ಲ.

ಮೊದಲ ರವಿವಾರವೇ ಅವರು ನನಗೆ ಅಪಘಾತದ ಕಥೆ ಹೇಳಿದರು. ಜೋಯಿಡಾ ದಾಟಿ ಉಳವಿಗೆ ಹೋಗುವ ಹಾದಿಯಲ್ಲಿ ಒಂದು ಕೆಟ್ಟ ತಿರುವಿದೆ. ಗಂಡ ಹೆಂಡತಿ ಉಳವಿಗೆ ಹೋಗಿ ದೇವರ ದರ್ಶನ ಮಾಡಿಕೊಂಡು ಬರುವಾಗ ಕಾರು ಆ ತಿರುವಿನಲ್ಲಿ ಎಡಕ್ಕೆ ವಾಲಿ, ವಾಲಿದ್ದು ಏಳಲೇ ಇಲ್ಲ, ಹಾಗೇ ಮಗ್ಗುಲಾಗಿ ಚರಂಡಿಗೆ ಬಿತ್ತು. "ಪಾಟಾ ಮುರದಿತ್ರಿ" ಎಂದರು. ಗಾಡಿಯ ಭಾರ ಹೊರುವ ಕಮಾನು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಒಂದೊಂದು ಪಟ್ಟಿಯೂ ಒಂದು ಪಾಟಾ. ಆ ಕಾರಿಗೆ ಮುಂದೆ ಒಂದು, ಹಿಂದೆ ಒಂದು, ಅಡ್ಡಡ್ಡಲಾಗಿ ಎರಡೇ ಕಮಾನು. ಅಡ್ಡ ಕಮಾನಿನ ಮೇಲೆ ಕೂತ ಗಾಡಿ ಜೋಕಾಲಿಯಂತೆ ತೂಗುತ್ತದೆಂದು ಅವರು ಎರಡೂ ಕೈ ಚಾಚಿ, ಮೈ ಆಚೆ ಈಚೆ ಮಾಡಿ ತೋರಿಸಿದರು.

"ವೈನಿಗೆ ಪೆಟ್ಟಾತೇನ್ರಿ?" ಎಂದೆ. ಅಣ್ಣನ ಹೆಂಡತಿ ನಮ್ಮ ಕಡೆ ವೈನಿ.

"ಅವರು ಅತ್ತಿವೇರಿಗೆ ಹೋಗ್ಯಾರ್ರಿ, ತವರಮನಿಗೆ. ಗಾಡಿ ರಿಪೇರಿ ಆದ ಮ್ಯಾಲೆ ಬರ್ತಾರ."

ಹದಿನೈದು ದಿನದ ಮಾತೆಂದು ನಾನು ತಿಳಿದುಕೊಂಡೆ. ಹೆಂಡತಿ ಹೋಗಿ ಎರಡು ಮಳೆಗಾಲ ಆಗಿತ್ತೆಂಬುದು ಆಮೇಲೆ ಗೊತ್ತಾಯಿತು.

ಮೊದಲು ಅವರು ಮಾಡಿದ್ದು ದಾಂಡೇಲಿಯ ಯಾವ ಮಿಸ್ತ್ರಿಯಾದರೂ ಮಾಡುತ್ತಿದ್ದ ಕೆಲಸ. ಕಟ್ಟಿಗೆ, ಬಿದಿರು ಹೊರುವ ಲಾರಿಗಳ ಊರು ಅದು. ಲಾರಿ ವಾಲಿತೇ, ಇನ್ನೊಂದು ಪಾಟಾ ಹಾಕು. ಇನ್ನೂ ವಾಲಿತೇ, ಇನ್ನೊಂದು ಹಾಕು. ಅಣ್ಣಾರೂ ಹಾಕಿದರು. ಕಾರು ಲಾರಿಯಾಯಿತು. ಸಣ್ಣ ಕಲ್ಲಿಗೂ ನನ್ನ ತಲೆ ಮೇಲಿನ ತಗಡಿಗೆ ಬಡಿಯತೊಡಗಿತು. ತಿರುವಿನಲ್ಲಿ ಹಿಂದಿನ ಗಾಲಿಗಳು ನೆಲ ಬಿಟ್ಟು ಆಡಿನ ಮರಿಯಂತೆ ಪಕ್ಕಕ್ಕೆ ಜಿಗಿದವು. ನಾನು ಕಿರುಚಿದೆ. "ಹೆದರಿಕಿ ಆತೇನ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, "ಆಗಬಾರದು" ಎಂದು ತಾವೇ ಹೇಳಿಕೊಂಡು ಹಾಕಿದ್ದನ್ನೆಲ್ಲ ತೆಗೆದರು. ಮೂಲದ್ದರಲ್ಲೂ ಒಂದೆರಡು ಕಿತ್ತರು. ಈಗ ಕಾರು ಮೆತ್ತಗಾಯಿತು. ಎಷ್ಟು ಮೆತ್ತಗೆಂದರೆ ಹಳಿಯಾಳ ಮುಟ್ಟುವಷ್ಟರಲ್ಲಿ ನನ್ನ ಹೊಟ್ಟೆ ತೊಳಸಿ ಬಂತು. ಇಳಿದು ಬಾಯಿ ತೊಳೆದುಕೊಂಡು, ಅವರನ್ನು ನಗಿಸೋಣವೆಂದು, "ತೊಟ್ಟಿಲಾ ತೂಗಿದಂಗ ಆಗಾಕತ್ತೇತ್ರಿ ಅಣ್ಣಾರ" ಎಂದೆ.

ಅವರು ನಗಲಿಲ್ಲ. ಮಡ್‌ಗಾರ್ಡಿನ ಮೇಲಿದ್ದ ಕೈ ತೆಗೆದು ಒಳಗೆ ಕೂತರು. ಮುಂದಿನ ರವಿವಾರ ಹಾರ್ನ್ ಕೇಳಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನಾವಿಬ್ಬರೂ ಉಣ್ಣುತ್ತಿದ್ದುದು ಒಂದೇ ಖಾನಾವಳಿಯಲ್ಲಿ. ಬೆಳಗಾವಿ ಕಡೆಯ ವಿಧವೆಯೊಬ್ಬರು ನಡೆಸುತ್ತಿದ್ದರು. ಎಲ್ಲರಿಗೂ ಅವರು ಅವ್ವ. ರೊಟ್ಟಿ ಬಡಿಯುತ್ತಲೇ ಅರ್ಧ ಊರಿನ ಸುಖದುಃಖ ಕೇಳುವ ಹೆಂಗಸು. ಕಾರಿನವರು ನನ್ನ ಮೇಲೆ ಯಾಕೆ ಸಿಟ್ಟಾಗಿದ್ದಾರೋ ಗೊತ್ತಿಲ್ಲ, ಗಾಡಿ ರಿಪೇರಿ ನಿಂತಿದೆ, ಹೀಗಾದರೆ ಅವರ ಮನೆಯವರು ಬರುವುದು ಯಾವಾಗ ಎಂದೆ. ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು.

"ಗಾಡಿ ರಿಪೇರಿ ಆಗ್ಲಿ ಅಂತ ಯಾರರ ತವರಮನ್ಯಾಗ ಕುಂದರ್ತಾರೇನೋ ತಮ್ಮಾ? ನಿನಗ ಯಾರೂ ಹೇಳಿಲ್ಲೇನು?"

ಅವ್ವ ಹೇಳಿದ್ದು ಇಷ್ಟು. ಮದುವೆಯಾಗಿ ಬಹಳ ವರ್ಷ ಆ ದಂಪತಿಗೆ ಮಕ್ಕಳಿರಲಿಲ್ಲ. ಕೊನೆಗೆ ವೈನಿ ದಿನ ನಿಂತು ಬಸುರಾದರು. ಹರಕೆ ಮುಟ್ಟಿಸಲೆಂದೇ ಉಳವಿಗೆ ಹೋಗಿದ್ದರು. ಕಾರು ಬಿದ್ದಾಗ ಅಣ್ಣಾರೇ ಹೆಂಡತಿಯನ್ನು ಹೊರಗೆಳೆದು ಒಂದು ಮತ್ತಿ ಮರದ ಬುಡದಲ್ಲಿ ಕೂರಿಸಿದರು. ಮೇಲೆ ಗಾಯ ಕಾಣಲಿಲ್ಲ. ಕೂರಿಸಿ, ಏನು ಮುರಿದಿದೆಯೆಂದು ನೋಡಲು ಕಾರಿನ ಕಡೆ ಹೋದರು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಓಡಿಬಂದಾಗ ಅವರು ಇನ್ನೂ ಕಾರಿನ ಕೆಳಗೇ ಇದ್ದರು. ಮರದ ಬುಡದಲ್ಲಿ ಹೆಂಡತಿಯ ಸೀರೆ ರಕ್ತದಲ್ಲಿ ತೊಯ್ದಿತ್ತು. ಜೋಯಿಡಾ ಮುಟ್ಟುವುದರೊಳಗೆ ಮಗು ಹೋಗಿತ್ತು.

"ಅಂವಾ ಕೆಟ್ಟಾಂವ ಅಲ್ಲಪಾ" ಎಂದರು ಅವ್ವ. "ಅಂವಗ ಕೈಲೆ ಮಾಡೂದಷ್ಟ ಗೊತ್ತು, ಬಾಯಿಲೆ ಆಡೂದು ಗೊತ್ತಿಲ್ಲ. ಆಕಿ ಅಪ್ಪ ಕರಿಯಾಕ ಬಂದಾಗ ಆಕಿ ಒಂದ ಮಾತು ಅಂದ್ಲು, ಆ ಗಾಡ್ಯಾಗ ನಾ ಇನ್ನ ಕುಂದ್ರೂದಿಲ್ಲ ಅಂತ. ಬಸ್ಸಿಗೆ ಹೋದ್ಲು. ಆವತ್ತಿನಿಂದ ಅಂವಾ ಗಾಡಿ ಬಿಚ್ಚಾಕತ್ತಾನ."

ಚಪ್ಪರಕ್ಕೆ ಯಾರಾದರೂ ಗಾಡಿ ತಂದು ಹೀಗಾಗಿದೆ ಹಾಗಾಗಿದೆ ಎಂದರೆ ಅಣ್ಣಾರು ಎಂದೂ ನಂಬುತ್ತಿರಲಿಲ್ಲ. ಮಾಲಕರು ಹೇಳುವ ಬ್ಯಾನೆಯೇ ಬೇರೆ, ಗಾಡಿಯ ಬ್ಯಾನೆಯೇ ಬೇರೆ ಎಂದು ತಾವೇ ಓಡಿಸಿ ನೋಡಿ ಕಂಡುಹಿಡಿಯುತ್ತಿದ್ದರು. ಅಂಥ ಮನುಷ್ಯ ಹೆಂಡತಿ ಅಂದ ಒಂದು ಮಾತನ್ನು ಮಾತ್ರ ಅಂದ ಹಾಗೇ ಹಿಡಿದುಕೊಂಡು ಕೂತಿದ್ದರು. ಕಾರಿನಲ್ಲಿ ಕೂರುವುದಿಲ್ಲ ಎಂದಳು. ಹಾಗಾದರೆ ಕಾರು ಸರಿಯಾಗಬೇಕು.

ಮೂರನೆಯ ವಾರ ಹಾರ್ನ್ ಕೇಳಿದಾಗ ನಾನು ಏನೂ ಕೇಳದೆ ಹೋಗಿ ಎಡಕ್ಕೆ ಕೂತೆ. ತೊಟ್ಟಿಲಿನ ಮಾತು ಇಬ್ಬರೂ ಎತ್ತಲಿಲ್ಲ.

ಆಮೇಲಿನ ಕೆಲಸ ನಿಧಾನ ನಡೆಯಿತು. ಬೆಳಗಾವಿಯ ಗುಜರಿಯಿಂದ ಮಿಲಿಟರಿ ಜೀಪಿನ ಕಮಾನುಗಳನ್ನು ತಂದರು. ಹಿಂದಿನ ಅಡ್ಡ ಕಮಾನು ಕಿತ್ತುಹಾಕಿ, ಎತ್ತಿನ ಎರಡು ಮಗ್ಗುಲಿಗೆ ಎರಡು ಹೇರು ಕಟ್ಟಿದಂತೆ, ಎಡಕ್ಕೊಂದು ಬಲಕ್ಕೊಂದು ಉದ್ದುದ್ದಕ್ಕೆ ಕೂರಿಸಿದರು. ಪಾಟಾಗಳ ನಡುವೆ ಗ್ರೀಸು ಸವರಿ ಮೇಲೆ ತೊಗಲು ಹೊಲಿಸಿದರು, ಧೂಳು ಹೊಕ್ಕು ಕಿರುಗುಟ್ಟಬಾರದೆಂದು. ಕುಣಿತ ತಡೆಯಲು ಅದೇ ಜೀಪಿನ ಉರುಟು ಶಾಕ್ ಅಬ್ಸಾರ್ಬರುಗಳು. ಕೊನೆಯದಾಗಿ ಹಳಿಯಾಳದ ಕಮ್ಮಾರನ ಕುಲುಮೆಯಲ್ಲಿ ಉಕ್ಕಿನ ಸರಳೊಂದನ್ನು ಬಾಗಿಸಿ ಎರಡೂ ಗಾಲಿಗಳ ನಡುವೆ ಕಟ್ಟಿದರು. ಮೊದಲ ಸರಳು ಹದ ಹೆಚ್ಚಾಗಿ ಗಾಜಿನಂತೆ ತುಂಡಾಯಿತು. ಎರಡನೆಯದು ಬಾಗಿದ್ದು ಹಾಗೇ ಉಳಿಯಿತು. ಮೂರನೆಯದು ನಿಂತಿತು.

"ಇದೇನು ಮಾಡತೈತ್ರಿ?" ಎಂದೆ. ಚಪ್ಪರದಲ್ಲಿ ಚಹಾ ಕುಡಿಯುತ್ತಿದ್ದೆವು.

"ತಿರುವಿನ್ಯಾಗ ಒಂದು ಮಗ್ಗಲ ಕುಸೀತೈತಲ್ರಿ, ಆವಾಗ ಇನ್ನೊಂದು ಮಗ್ಗಲ ಅದನ್ನ ಹಿಡೀತೈತಿ. ಒಬ್ಬೊಬ್ಬರನ್ನ ಅವರವರ ಪಾಡಿಗೆ ಬಿಟ್ರ ಗಾಡಿ ಮಗಚತೈತ್ರಿ."

ನಾನು ಅವರ ಮುಖ ನೋಡಿದೆ. ಅವರು ಸರಳನ್ನೇ ನೋಡುತ್ತಿದ್ದರು. ನಾನು ಚಹಾ ಕುಡಿದೆ.

ಕಾರಿನ ನಡವಳಿಕೆ ಬದಲಾದದ್ದು ನನ್ನಂಥ ಮೂಟೆಗೂ ತಿಳಿಯಿತು. ಹಿತ್ತಾಳೆಯ ಗ್ಲಾಸಿನಲ್ಲಿ ಅಂಚಿನ ತನಕ ನೀರು ತುಂಬಿ ನನ್ನ ಕೈಗೆ ಕೊಡುತ್ತಿದ್ದರು. ಹಳಿಯಾಳದ ರಸ್ತೆಯ ತಿರುವುಗಳೆಲ್ಲ ಮುಗಿದರೂ ನನ್ನ ಧೋತರ ಒದ್ದೆಯಾಗಲಿಲ್ಲ. ಆದರೆ ಜೋಯಿಡಾದ ಆಚೆ ಅವರು ಹೋಗುತ್ತಿರಲಿಲ್ಲ. ಉಳವಿಗೆ ಎಂದು ಬಾಡಿಗೆ ಕೇಳಿ ಬಂದವರಿಗೆ ಬೇರೆ ಗಾಡಿ ತೋರಿಸುತ್ತಿದ್ದರು.

ಮಳೆ ಮುಗಿದು ರಸ್ತೆ ಗಟ್ಟಿಯಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಬಂದರು. ಇಸ್ತ್ರಿಯ ಧೋತರ, ಕರಿ ಟೊಪ್ಪಿಗೆ, ಹೊಸ ಚಪ್ಪಲಿ.

"ಅತ್ತಿವೇರಿಗೆ ಹೋಗೂಣು ಬರ್ರಿ ಕಾರಕೂನರ" ಎಂದರು. ನಾನು ಯಾಕೆ ಎನ್ನಲಿಲ್ಲ. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ನಾನು ಮತ್ತೆ ತೂಕ ಸರಿಮಾಡಲು ಬೇಕಿತ್ತು.

ಮಾವ ಅಂಗಳಕ್ಕೆ ಬಂದು ಕಾಲಿಗೆ ನೀರು ಕೊಟ್ಟರು. ಮುನಿಸು ತೋರಿಸಲಿಲ್ಲ. ವೈನಿಯನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ತೆಳ್ಳನೆಯ ಹೆಂಗಸು, ಚುರುಕು ನಡಿಗೆ, ಮಾತು ಮೆಲ್ಲಗೆ. ನಾವು ಉಣ್ಣುವಾಗ ಅವರೇ ಬಡಿಸಿದರು. ಗಂಡನ ತಾಟಿನಲ್ಲಿ ಪಲ್ಯ ಮುಗಿಯುವ ಮೊದಲೇ ಮತ್ತೆ ಹಾಕುತ್ತಿದ್ದರು. ಇಷ್ಟು ಕಾಳಜಿ ಇರುವವರು ದೂರ ಯಾಕೆ ಇದ್ದಾರೆ?

"ಗಾಡಿ ರಿಪೇರಿ ಆಗೇತಿ" ಎಂದರು ಅಣ್ಣಾರು ತಾಟು ನೋಡುತ್ತ.

"ಹೌದೇನ್ರಿ?"

"ಹಿಂದಿನ ಕಮಾನು ಬದಲಿ ಮಾಡೇನಿ. ಈಗ ವಾಲೂದಿಲ್ಲ."

"ಯಾವ ತಿರುವಿನ್ಯಾಗೂ?"

"ಯಾವ ತಿರುವಿನ್ಯಾಗೂ."

ವೈನಿ ಪಲ್ಯದ ಪಾತ್ರೆ ಕೆಳಗಿಟ್ಟರು. "ಹಂಗಾರ ನಾಳೆ ಆ ತಿರುವಿಗೆ ನನ್ನ ಕರಕೊಂಡು ಹೋಗ್ರಿ."

ಅಣ್ಣಾರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹೆಂಡತಿ ಗಾಡಿಯ ಪರೀಕ್ಷೆ ಮಾಡುತ್ತಾಳೆ ಎಂದು ಅವರು ತಿಳಿದುಕೊಂಡರು. ನಾನೂ ಹಾಗೇ ತಿಳಿದುಕೊಂಡೆ.

ಬೆಳಿಗ್ಗೆ ಹೊರಟೆವು. ಹೆಂಡತಿಯನ್ನು ಮುಂದೆ ಎಡಕ್ಕೆ ಕೂರಿಸಿದರು. ನನ್ನನ್ನು ಹಿಂದೆ, ಸರಿಯಾಗಿ ನಡುವೆ. ವೈನಿಯ ಮಡಿಲಲ್ಲಿ ಒಂದು ಸಣ್ಣ ಬಟ್ಟೆಯ ಗಂಟಿತ್ತು. ಹಾದಿಯುದ್ದಕ್ಕೂ ಅಣ್ಣಾರು ಕಮಾನಿನ ಕಥೆ ಹೇಳಿದರು: ಬೆಳಗಾವಿಯ ಗುಜರಿ, ತುಂಡಾದ ಸರಳು, ತೊಗಲು ಹೊಲಿದವನು. ವರ್ಷಗಟ್ಟಲೆ ಆಡದ ಮಾತನ್ನೆಲ್ಲ ಆಡುತ್ತಿದ್ದರು, ಪಾಪ. ವೈನಿ ಹೂಂ ಎನ್ನುತ್ತಿದ್ದರು. ಹಳಿಯಾಳ ಹೋಯಿತು, ದಾಂಡೇಲಿ ಹೋಯಿತು, ಜೋಯಿಡಾ ಹೋಯಿತು. ಕಾಡು ಎರಡೂ ಕಡೆಯಿಂದ ಒತ್ತಿ ಬಂತು. ಅಣ್ಣಾರ ಮಾತು ನಿಂತಿತು. ಬೆನ್ನು ನೆಟ್ಟಗಾಯಿತು.

ತಿರುವು ಬಂತು. ಅವರು ವೇಗ ತಗ್ಗಿಸಲಿಲ್ಲ. ಕಾರು ಹಳಿಯ ಮೇಲಿನ ರೈಲಿನಂತೆ ತಿರುವನ್ನು ಹಿಡಿದು ಹೋಯಿತು. ನಾನು ಇದ್ದಲ್ಲಿಂದ ಇಷ್ಟೂ ಸರಿಯಲಿಲ್ಲ. "ನೋಡಿದೇನು?" ಎಂದು ಅಣ್ಣಾರು ಗಟ್ಟಿಯಾಗಿ ನಕ್ಕು ಹೆಂಡತಿಯ ಕಡೆ ತಿರುಗಿದರು.

ವೈನಿ ಕಿಟಕಿಯಿಂದ ಹಿಂದಕ್ಕೆ ನೋಡುತ್ತಿದ್ದರು. "ನಿಲ್ಲಸ್ರಿ" ಎಂದರು. "ಅಲ್ಲೆ ನಿಲ್ಲಸಬೇಕಿತ್ತು."

ಇಳಿದು, ಗಂಟು ಹಿಡಿದುಕೊಂಡು, ಬಂದ ಹಾದಿಯಲ್ಲೇ ನಡೆದು ಹೋದರು. ತಿರುವಿನ ಮತ್ತಿ ಮರದ ಬುಡದಲ್ಲಿ ಕೂತು ಗಂಟು ಬಿಚ್ಚಿದರು. ಅರಿಷಿಣ, ಕುಂಕುಮ, ಒಂದು ಕುಂಚಿಗೆ. ಮಕ್ಕಳ ತಲೆಗೆ ಹಾಕಿ ಬೆನ್ನ ಮೇಲೆ ಇಳಿಬಿಡುವ ಖಣದ ಕುಂಚಿಗೆ, ಅಂಚಿಗೆ ಬಿಳಿ ಮಣಿ ಹೊಲಿದದ್ದು. ಅದನ್ನು ಬೇರುಗಳ ನಡುವೆ ಹಾಸಿ ಅದರ ಮುಂದೆ ತಲೆ ತಗ್ಗಿಸಿ ಕೂತರು. ದೂರದಿಂದಲೂ ಭುಜ ಅಲುಗುವುದು ಕಾಣುತ್ತಿತ್ತು.

ಅಣ್ಣಾರು ಇಳಿದು ಕಾರಿನ ಮಗ್ಗುಲಿಗೆ ನಿಂತಿದ್ದರು. ಕೈ ಮಡ್‌ಗಾರ್ಡಿನ ಮೇಲಿತ್ತು.

"ತಿರುವಿನ್ಯಾಗ ನಿಮಗೇನರ ವಾಲಿದಂಗ ಅನಸ್ತೇನ್ರಿ?" ಎಂದು ನನ್ನನ್ನು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು. "ವೈನಿ ಅಲ್ಲೆ ಒಬ್ಬರ ಕುಂತಾರ್ರಿ ಅಣ್ಣಾರ! ಹೋಗ್ರಿ!" ಎಂದು ಕೂಗಿದೆ.

ಅವರು ನಾಲ್ಕು ಹೆಜ್ಜೆ ಹೋದರು. ನಿಂತರು. ತಿರುಗಿ ನನ್ನನ್ನು ನೋಡಿದರು.

"ಹೋಗಿ ಏನು ಮಾತಾಡ್ಲಿ ಕಾರಕೂನರ?"

ಅವರು ಕಾರಿಗೂ ಮರಕ್ಕೂ ನಡುವೆ, ರಸ್ತೆಯಲ್ಲಿ, ಹಾಗೇ ನಿಂತೇ ಇದ್ದರು. ವೈನಿ ಕಣ್ಣೊರೆಸಿಕೊಂಡು ಎದ್ದು ಅವರ ತನಕ ಬಂದು ಒಂದು ಕ್ಷಣ ನಿಂತರು. ಅವರು ನೆಲ ನೋಡುತ್ತಿದ್ದರು. ವೈನಿ ದಾಟಿಕೊಂಡು ಬಂದು ಕಾರಿನಲ್ಲಿ ಕೂತರು.

"ಗಾಡಿ ಛಲೋ ಆಗೇತ್ರಿ" ಎಂದರು. "ನನ್ನ ಅತ್ತಿವೇರಿಗೆ ಬಿಡ್ರಿ."

ಅಷ್ಟು ದೂರದ ಹಾದಿ. ಕಾರು ಒಂದು ಸಲವೂ ಕುಲುಕಲಿಲ್ಲ. ಮುಂದೆ ಇಬ್ಬರ ತಲೆಗಳ ನಡುವೆ ಒಂದು ಮೊಳ ಜಾಗ. ನಾನು ಹಿಂದೆ ನಡುವೆ ಕೂತು ಅದನ್ನೇ ನೋಡುತ್ತಿದ್ದೆ. ಅಂಥ ಒಂಟಿತನ ನನಗೆ ನನ್ನ ಕೋಣೆಯಲ್ಲಿ ಕೂಡ ಅನ್ನಿಸಿರಲಿಲ್ಲ.

ಆಮೇಲೆ ಅಣ್ಣಾರು ಕಮಾನು ಮುಟ್ಟಲಿಲ್ಲ. ಕಾರು ಮಾತ್ರ ಹೆಸರು ಮಾಡಿತು. ಮೈ ಕುಲುಕದ ಗಾಡಿ ಎಂದು ಸುದ್ದಿ ಹಬ್ಬಿ, ಜೋಯಿಡಾದ ಆಚೆಯ ಕಾಡಿನ ಹಳ್ಳಿಗಳಿಂದ ದಿನ ತುಂಬಿದ ಹೆಂಗಸರನ್ನು ದಾಂಡೇಲಿಯ ದವಾಖಾನೆಗೆ ಕರೆತರಲು ಅವರನ್ನೇ ಕರೆಯುತ್ತಿದ್ದರು. ಈಗ ಅವರು ಆ ಹಾದಿಗೂ ಹೋಗುತ್ತಿದ್ದರು. ಹೆರಿಗೆಯಾದ ಮೇಲೆ ಮನೆಯವರು ಕೂಸು ನೋಡಿ ಹೋಗಿ ಎಂದರೆ ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ. ಕಾರಿನ ಹತ್ತಿರ ನಿಂತೇ, "ಇಬ್ಬರೂ ಆರಾಮ ಅದಾರಲ್ರಿ? ತಾಯಿನ್ನ ಮೊದಲ ನೋಡ್ರಿ" ಎಂದು ಹೊರಟುಬಿಡುತ್ತಿದ್ದರು. ನನಗೆ ಮದುವೆಯಾಯಿತು, ಗಿರಣಿಯ ಕಾಲನಿಯಲ್ಲಿ ಮನೆ ಸಿಕ್ಕಿತು. ಭೇಟಿ ಕಡಿಮೆಯಾಯಿತು. ಸಿಕ್ಕಾಗ, "ವಜ್ಜಿ ಹೆಚ್ಚಾಗೇತ್ರಿ" ಎಂದು ನಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ಅವರು ಎದೆ ಹಿಡಿದುಕೊಂಡು ಚಪ್ಪರದಲ್ಲೇ ಹೋದರು. ಸುದ್ದಿ ತಿಳಿದು ಮಣ್ಣಿಗೆ ಹೋದೆ. ವೈನಿ ಅತ್ತಿವೇರಿಯಿಂದ ಬಂದಿದ್ದರು. ಎಲ್ಲ ಮುಗಿಸಿ ಬಂದು ಚಪ್ಪರದಲ್ಲಿ ಕೂತಿದ್ದೆವು: ವೈನಿ, ಖಾನಾವಳಿಯ ಅವ್ವ, ನಾನು. ಆಗ ಜೋಯಿಡಾ ಕಡೆಯ ಒಬ್ಬ ಕೊಂಕಣಿ ಮನುಷ್ಯ ಬಂದ. ಅವನ ಹೆಂಡತಿಯನ್ನು ಎರಡು ಸಲ ಹೆರಿಗೆಗೆ ಕರೆತಂದದ್ದು ಈ ಕಾರೇ. ಅವನು ವೈನಿಗೆ ಕೈ ಮುಗಿದು, ಬಂದಷ್ಟು ಕನ್ನಡದಲ್ಲಿ ಹೇಳತೊಡಗಿದ.

ಕಾರಿನವರು ಆ ಹಾದಿಗೆ ಖಾಲಿ ಗಾಡಿ ತಂದಾಗಲೆಲ್ಲ ಉಳವಿಯ ತಿರುವಿನಲ್ಲಿ ನಿಲ್ಲಿಸುತ್ತಿದ್ದರಂತೆ. ಇಳಿದು ಮತ್ತಿ ಮರದ ಬುಡದಲ್ಲಿ ಕೂತು ಉದುರಿದ ಎಲೆ ಬಳಿದು ತೆಗೆಯುತ್ತಿದ್ದರಂತೆ. ಹೆಂಡತಿಗೆಂದು ಗಾಡಿ ಕರೆಯಲು ಬಂದಿದ್ದ ಇವನು ಒಮ್ಮೆ ಜೊತೆಗಿದ್ದ. ಅವರು ಮಾತಾಡುವುದು ಕೇಳಿಸಿತು. ಯಾರ ಜೊತೆ ಎಂದು ಕೇಳಿದ್ದಕ್ಕೆ, ಗಾಡಿ ಬಿಸಿಯಾಗಿದೆ, ಆರಲಿ ಎಂದು ನಿಲ್ಲಿಸಿದೆ ಎಂದರಂತೆ.

"ಏನಂತ ಮಾತಾಡ್ತಿದ್ರು?" ಎಂದು ಕೇಳಿದರು ವೈನಿ.

ಅವನು ಸ್ವಲ್ಪ ಯೋಚಿಸಿ, ಅವರು ಆಡಿದ ಹಾಗೇ ಆಡಿ ತೋರಿಸಿದ. "‘ನಿಮ್ಮವ್ವನ ಕೈ ಹಿಡಕೊಂಡು ಕುಂದರಬೇಕಾಗಿತ್ತು. ನಾ ಗಾಡಿ ಕೆಳಗ ಹೊಕ್ಕೆ. ತಪ್ಪಾತು.’ ಅಷ್ಟ. ಅದನ್ನ ಮತ್ತ ಮತ್ತ."

ಖಾನಾವಳಿಯ ಅವ್ವ ಸೆರಗು ಬಾಯಿಗೆ ಒತ್ತಿಕೊಂಡರು. ವೈನಿ ಕಾರನ್ನು ನೋಡಿದರು, ಆಮೇಲೆ ನನ್ನನ್ನು.

"ಇದನ್ನ ನನ್ನ ಮುಂದ ಒಮ್ಮೆ ಅಂದಿದ್ರ ಸಾಕಾಗಿತ್ತಲ್ಲೋ ತಮ್ಮಾ" ಎಂದರು. "ಗಾಡಿ ಯಾಕ ಬೇಕಿತ್ತು? ನಡಕೊಂಡ ಬರ್ತಿದ್ದೆ."